ರೀಮಾಸ್ಟರ್ ಸಿಡಿಗಳು: ಲೇಬಲ್ಲಿನ ಮಾತು, ಡಬ್ಬಿಯೊಳಗಿನ ಸರಕು

ಒಂದೇ ಸರಕನ್ನು ಒಬ್ಬನೇ ಗ್ರಾಹಕನಿಗೆ ನಾಲ್ಕು ಬಾರಿ ಮಾರಿ, ನಾಲ್ಕು ಬಾರಿಯೂ ಆತನ ಮೆಚ್ಚುಗೆಗೆ ಪಾತ್ರವಾದ ವ್ಯಾಪಾರವೊಂದಿದ್ದರೆ ಅದು ಧ್ವನಿಮುದ್ರಿಕೆಗಳ ವ್ಯಾಪಾರ. ಮೊದಲು ಎಲ್‌ಪಿ ತಟ್ಟೆ, ಅನಂತರ ಕ್ಯಾಸೆಟ್, 1982ರ ತರುವಾಯ ಸಿಡಿ, ಅದೂ ಸಾಕೆನಿಸುವ ಹೊತ್ತಿಗೆ ‘ರೀಮಾಸ್ಟರ್ಡ್’ ಎಂಬ ಚೀಟಿ ಹೊತ್ತ ಅದೇ ಸಿಡಿ. ಇದರಲ್ಲಿ ಆಕ್ಷೇಪಿಸುವಂಥದು ಏನೂ ಇಲ್ಲ. ಸರಕು ಉತ್ತಮಗೊಂಡಿದ್ದರೆ ಅದಕ್ಕೆ ತಕ್ಕ ಬೆಲೆಯನ್ನು ಕೇಳುವ ಹಕ್ಕು ತಯಾರಕನಿಗೆ ಇದ್ದೇ ಇದೆ. ಪ್ರಶ್ನೆ ಇರುವುದು ಆ ಚೀಟಿಯ ವಿಷಯದಲ್ಲಿ. ತುಪ್ಪಕ್ಕೆ ಅಗ್‌ಮಾರ್ಕ್ ಇದೆ, ಸಿಮೆಂಟಿಗೆ ಐಎಸ್‌ಐ ಗುರುತಿದೆ, ಚಿನ್ನಕ್ಕೆ ಹಾಲ್‌ಮಾರ್ಕ್ ಇದೆ. ‘ರೀಮಾಸ್ಟರ್ಡ್’ ಎಂಬ ಪದಕ್ಕೆ ಅಂತಹ ಯಾವ ಮಾನಕವೂ ಇಲ್ಲ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಕೂಡಿ ರೂಪಿಸಿದ ‘ರೆಡ್ ಬುಕ್’ ಮಾನಕವು ಸೆಕೆಂಡಿಗೆ 44,100 ಮಾದರಿಗಳು, ಪ್ರತಿ ಮಾದರಿಗೆ 16 ಬಿಟ್ ಎಂದು ಪಾತ್ರೆಯ ಅಳತೆಯನ್ನು ನಿಗದಿಪಡಿಸಿತೇ ಹೊರತು, ಪಾತ್ರೆಯೊಳಗೆ ಸುರಿಯುವ ಪದಾರ್ಥದ ಗುಣವನ್ನಲ್ಲ.

ಧ್ವನಿಮುದ್ರಣ ಕೊಠಡಿಯಲ್ಲಿ ಹಾಡುಗಾರಿಕೆ ಮತ್ತು ವಾದ್ಯಗಳನ್ನು ಹದವಾಗಿ ಬೆರೆಸಿ ಸಿದ್ಧಪಡಿಸುವುದು ಮೂಲ ಟೇಪು. ಅದನ್ನು ಮಾರುಕಟ್ಟೆಗೆ ಹೋಗುವ ತಟ್ಟೆಗೆ ಅಥವಾ ಸಿಡಿಗೆ ಒಗ್ಗುವಂತೆ ತಿದ್ದುವ ಕೊನೆಯ ಹಂತವೇ ಮಾಸ್ಟರಿಂಗ್. 1980ರ ದಶಕದಲ್ಲಿ ಸಿಡಿಯ ಬೇಡಿಕೆ ಏರಿದಾಗ ಅನೇಕ ಕಂಪನಿಗಳು ಮೂಲ ಟೇಪನ್ನು ಹುಡುಕುವ ಗೋಜಿಗೆ ಹೋಗದೆ, ಎಲ್‌ಪಿ ತಟ್ಟೆ ಕೊರೆಯಲೆಂದು ತಯಾರಿಸಿದ್ದ ಎರಡನೆಯ ಅಥವಾ ಮೂರನೆಯ ಪ್ರತಿಯಿಂದಲೇ ಸಿಡಿ ಮಾಡಿ ಮಾರಿದವು. ತಟ್ಟೆಗೆ ಅಗತ್ಯವಾಗಿದ್ದ ತಿದ್ದುಪಡಿಗಳು ಸಿಡಿಗೆ ಹೊಂದಲಿಲ್ಲ. ಧ್ವನಿ ಬಡಕಲಾಗಿ, ಕರ್ಕಶವಾಗಿ ಕೇಳಿಸಿತು. ಆದುದರಿಂದ ಮರು ಮಾಸ್ಟರಿಂಗ್ ಎಂಬುದು ಕೇವಲ ವ್ಯಾಪಾರದ ಹೂಟವೆಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ನ್ಯಾಯವಾದ ಕಾರಣವಿತ್ತು.

ನ್ಯಾಯವಾದ ಕಾರಣಕ್ಕೆ ನಾನು ಕೊಡಬಯಸುವ ಉದಾಹರಣೆ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’. 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ನ್ಯೂಯಾರ್ಕಿನಲ್ಲಿ ಕೊಲಂಬಿಯಾ ಕಂಪನಿಯ 30ನೆಯ ಬೀದಿಯ ಸ್ಟುಡಿಯೋದಲ್ಲಿ ಮುದ್ರಣಗೊಂಡ ಈ ಆಲ್ಬಂ ಜಾಝ್ ಸಂಗೀತದಲ್ಲಿ ಅತಿ ಹೆಚ್ಚು ಮಾರಾಟವಾದವುಗಳಲ್ಲಿ ಒಂದು. ಮೊದಲ ದಿನ ಬಳಸಿದ ಟೇಪು ಯಂತ್ರ ಕೊಂಚ ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಮುದ್ರಿಸಿದುದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಸಂಗೀತ ಅವಸರಗೊಳ್ಳುತ್ತದೆ, ಶ್ರುತಿಯೂ ಏರುತ್ತದೆ. ಹೀಗಾಗಿ ಎಲ್‌ಪಿಯ ಮೊದಲ ಬದಿಯ ಮೂರೂ ಕೃತಿಗಳು ದಶಕಗಳ ಕಾಲ ತಪ್ಪು ಶ್ರುತಿಯಲ್ಲೇ ಮಾರಾಟವಾದವು. ಅದೇ ದಿನ ಮತ್ತೊಂದು ಯಂತ್ರದಲ್ಲಿ ಮುನ್ನೆಚ್ಚರಿಕೆಯ ಪ್ರತಿಯೊಂದನ್ನು ತೆಗೆದಿರಿಸಲಾಗಿತ್ತು. ಆ ಯಂತ್ರದ ವೇಗ ಸರಿಯಾಗಿತ್ತು. 1992ರ ಮರುಮುದ್ರಣಕ್ಕೆ ಈ ಪ್ರತಿಯನ್ನು ಬಳಸಿ ದೋಷವನ್ನು ನಿವಾರಿಸಲಾಯಿತು. ಅಳತೆ ತಪ್ಪಿದ ತಕ್ಕಡಿಯೊಂದು 33 ವರ್ಷಗಳ ಮೇಲೆ ಸರಿಹೋದಂತೆ! ಇಂತಹ ಡಬ್ಬಿಯ ಮೇಲೆ ‘ರೀಮಾಸ್ಟರ್ಡ್’ ಎಂದು ದಪ್ಪಕ್ಷರದಲ್ಲಿ ಬರೆದರೆ ಯಾರೂ ತಕರಾರು ಮಾಡಲಾರರು.

ಬೀಟಲ್ಸ್ ತಂಡದ ಆಲ್ಬಂಗಳ ಕಥೆ ಇನ್ನೂ ಬೋಧಪ್ರದವಾದುದು. ಇವು ಸಿಡಿ ರೂಪದಲ್ಲಿ ಮೊದಲು ಬಂದುದು 1987ರಲ್ಲಿ. ಮೊದಲ ನಾಲ್ಕು ಆಲ್ಬಂಗಳು ಕೇವಲ ಮೋನೋದಲ್ಲಿ ಬಂದವು. ‘ಹೆಲ್ಪ್’ ಮತ್ತು ‘ರಬ್ಬರ್ ಸೋಲ್’ ಆಲ್ಬಂಗಳನ್ನು ನಿರ್ಮಾಪಕ ಜಾರ್ಜ್ ಮಾರ್ಟಿನ್ ಹೊಸದಾಗಿ ಮಿಶ್ರಣ ಮಾಡಿಕೊಟ್ಟರು. ಅಲ್ಲಿಂದ 22 ವರ್ಷ ಗ್ರಾಹಕರು ಇವನ್ನೇ ಕೊಂಡರು. 2009ರ ಸೆಪ್ಟೆಂಬರ್ 9ರಂದು ಅಂದಿನ ಇಎಂಐ ಕಂಪನಿಯು ಇಡೀ ಸರಣಿಯನ್ನು ಮರಳಿ ಹೊರತಂದಿತು. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದ ತಂತ್ರಜ್ಞರು ಇದಕ್ಕಾಗಿ ನಾಲ್ಕು ವರ್ಷ ದುಡಿದಿದ್ದರು. ಒಟ್ಟು 525 ನಿಮಿಷಗಳ ಸಂಗೀತದಲ್ಲಿ ಸದ್ದು ನಿವಾರಣೆಯ ತಂತ್ರವನ್ನು ಐದು ನಿಮಿಷಕ್ಕೂ ಕಡಿಮೆ ಭಾಗಕ್ಕೆ ಮಾತ್ರ ಬಳಸಿರುವುದಾಗಿ ಕಂಪನಿಯೇ ಪ್ರಕಟಿಸಿತು. ಸ್ಟೀರಿಯೋ ಆವೃತ್ತಿಯಲ್ಲಿ ಒಟ್ಟಾರೆ ಧ್ವನಿಮಟ್ಟ ಹೆಚ್ಚಿಸಲು ಲಿಮಿಟರನ್ನು ಮಿತವಾಗಿ ಬಳಸಲಾಗಿದೆ, ಮೋನೋ ಆವೃತ್ತಿಯಲ್ಲಿ ಬಳಸಿಲ್ಲವೆಂದೂ ಬಹಿರಂಗಪಡಿಸಲಾಯಿತು. ಲೆಕ್ಕಪತ್ರಗಳ ಭಾಷೆಯಲ್ಲಿ ಇದನ್ನು ಅನುಸರಿಸಿದ ನೀತಿಗಳ ಪ್ರಕಟಣೆ ಎನ್ನಬಹುದು. ನಮ್ಮ ಒಂದನೆಯ ಲೆಕ್ಕಪತ್ರ ಮಾನಕವು ಕೇಳುವುದೂ ಇದನ್ನೇ.

ಡಬ್ಬಿಯ ದೃಷ್ಟಿಯಿಂದಲೂ ಈ ಎರಡು ಆವೃತ್ತಿಗಳು ಬೇರೆ ಬೇರೆ. ಸ್ಟೀರಿಯೋ ಸಿಡಿಗಳು ಮಡಿಸುವ ರಟ್ಟಿನ ಹೊದಿಕೆಯಲ್ಲಿ, ಕಿರುಪುಸ್ತಿಕೆಯೊಡನೆ ಬಂದವು. ಮೋನೋ ಪೆಟ್ಟಿಗೆಯ ಹೊದಿಕೆಗಳು ಜಪಾನಿನಲ್ಲಿ ತಯಾರಾದವು. ಹಳೆಯ ಎಲ್‌ಪಿ ಹೊದಿಕೆಗಳನ್ನೇ ಅಂಗೈ ಅಗಲಕ್ಕೆ ಇಳಿಸಿ, ಒಳಚೀಲಗಳ ಸಮೇತ ಪುನರ್ನಿರ್ಮಿಸಲಾಗಿತ್ತು. ‘ಹೆಲ್ಪ್’ ಮತ್ತು ‘ರಬ್ಬರ್ ಸೋಲ್’ ಆಲ್ಬಂಗಳ 1965ರ ಮೂಲ ಸ್ಟೀರಿಯೋ ಮಿಶ್ರಣಗಳನ್ನೂ ಅದೇ ಸಿಡಿಗಳಲ್ಲಿ ಸೇರಿಸಿಕೊಟ್ಟರು. ಕೊಟ್ಟ ಹಣಕ್ಕೆ ಹೆಚ್ಚು ದೊರೆತದ್ದು ಮೋನೋ ಪೆಟ್ಟಿಗೆಯನ್ನು ಕೊಂಡವನಿಗೆ ಎಂಬುದು ನನ್ನ ಅಭಿಪ್ರಾಯ. ರಟ್ಟಿನ ಸೀಳಿನಿಂದ ಪ್ರತಿ ಸಾರಿ ಉಜ್ಜಿಕೊಂಡು ಹೊರಬರುವ ಸಿಡಿಯ ಮೈ ಎಷ್ಟು ಕಾಲ ಗೀರಿಲ್ಲದೆ ಉಳಿದೀತು? ನೋಟಕ್ಕೆ ಅಗ್ಗವೆನಿಸಿದರೂ 1982ರ ಪ್ಲಾಸ್ಟಿಕ್ ಡಬ್ಬಿ ಈ ಒಂದು ಕೆಲಸವನ್ನು ಚೆನ್ನಾಗಿ ಮಾಡುತ್ತಿತ್ತು: ತಟ್ಟೆಯನ್ನು ನಡುವಿನ ಗುಬ್ಬಿಯಲ್ಲಿ ಹಿಡಿದು, ಅದರ ಮೈ ಯಾವುದಕ್ಕೂ ತಾಗದಂತೆ ಕಾಯುತ್ತಿತ್ತು.

ಇನ್ನು ಲಿಮಿಟರಿನ ವಿಚಾರ. ಡಿಜಿಟಲ್ ಧ್ವನಿಗೆ ದಾಟಲಾಗದ ಒಂದು ಮೇಲ್ಮಿತಿ ಇದೆ. ಸೇರಿನ ಬಾಯಿಯನ್ನು ಮೀರಿ ಅಕ್ಕಿ ತುಂಬಲಾಗದಂತೆ ಇದೂ ಸಹ. ಆದರೆ ಅಕ್ಕಿಯನ್ನು ಅದುಮಿ ತುಂಬಬಹುದು. ಮೆಲುದನಿಯ ಭಾಗಗಳನ್ನು ಎತ್ತರಿಸಿ, ಗಟ್ಟಿಯಾದ ಭಾಗಗಳ ಶಿಖರಗಳನ್ನು ಕತ್ತರಿಸಿದರೆ ಇಡೀ ಹಾಡು ಒಂದೇ ಸಮನೆ ಜೋರಾಗಿ ಕೇಳಿಸುತ್ತದೆ. ಅಂಗಡಿಯಲ್ಲಿ ಎರಡು ಸಿಡಿಗಳನ್ನು ಒಂದರ ಹಿಂದೊಂದು ಕೇಳಿಸಿದಾಗ ಜೋರಾಗಿರುವುದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ. ಹೊಳಪು ಕೊಟ್ಟ ತೊಗರಿಬೇಳೆಯನ್ನು ಗ್ರಾಹಕ ಕೈಯಾರೆ ಆರಿಸುವಂತೆಯೇ ಇದು. ಬೇಯಿಸಿದ ಮೇಲಷ್ಟೇ ಅದರ ಗುಣ ತಿಳಿಯುವುದು. ಅದುಮಿದ ಸಿಡಿಯೂ ಹಾಗೆಯೇ; ಅರ್ಧ ಗಂಟೆ ಕೇಳುವಷ್ಟರಲ್ಲಿ ಕಿವಿ ದಣಿಯುತ್ತದೆ. ಏಕೆ ದಣಿಯಿತೆಂದು ಕೇಳುಗನಿಗೆ ಗೊತ್ತಾಗುವುದಿಲ್ಲ, ಸಿಡಿಯನ್ನು ಸುಮ್ಮನೆ ತೆಗೆದಿಡುತ್ತಾನೆ. 1990ರ ದಶಕದ ನಡುವಿನಿಂದ ಮುಂದಿನ ಹದಿನೈದು ವರ್ಷಗಳಲ್ಲಿ ‘ರೀಮಾಸ್ಟರ್ಡ್’ ಎಂದು ಮಾರಿದ ಎಷ್ಟೋ ಸಿಡಿಗಳಲ್ಲಿ ಆದದ್ದು ಮುಖ್ಯವಾಗಿ ಇಷ್ಟೇ. ಇಗ್ಗಿ ಪಾಪ್ ಅವರೇ ಮರುಮಿಶ್ರಣ ಮಾಡಿದ ‘ರಾ ಪವರ್’ನ 1997ರ ಆವೃತ್ತಿ ಈ ವಿಷಯದಲ್ಲಿ ಕುಖ್ಯಾತ. ಕೆನಡಾದ ರಷ್ ತಂಡದ ‘ವೇಪರ್ ಟ್ರೇಲ್ಸ್’ 2002ರಲ್ಲಿ ಬಂದಾಗ ಅದರ ಧ್ವನಿ ಒಡೆದಿದೆಯೆಂಬ ದೂರು ಎಷ್ಟು ಬಲವಾಯಿತೆಂದರೆ, 2013ರಲ್ಲಿ ಇಡೀ ಆಲ್ಬಮ್ಮನ್ನು ಹೊಸದಾಗಿ ಮಿಶ್ರಣ ಮಾಡಿ ಮಾರುಕಟ್ಟೆಗೆ ಬಿಡಬೇಕಾಯಿತು. ಅಂತರ್ಜಾಲದ ಮೂಲಕ ಹಾಡು ಕೇಳಿಸುವ ಇಂದಿನ ಸೇವೆಗಳು ಎಲ್ಲ ಹಾಡುಗಳ ಧ್ವನಿಮಟ್ಟವನ್ನೂ ತಾವೇ ಸರಿಸಮಗೊಳಿಸುವುದರಿಂದ ಈ ಉಪಾಯದ ಲಾಭ ಬಹುಮಟ್ಟಿಗೆ ಇಲ್ಲವಾಗಿದೆ. ಆದರೆ ಅಂದು ಅದುಮಿ ತಯಾರಿಸಿದ ಸಿಡಿಗಳು ಕಪಾಟುಗಳಲ್ಲಿ ಹಾಗೆಯೇ ಕುಳಿತಿವೆ.

ಸಣ್ಣ ಉದ್ದಿಮೆದಾರರು ವಿಶೇಷವಾಗಿ ಗಮನಿಸಬೇಕಾದ ಪ್ರಕರಣವೊಂದಿದೆ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಪಟ್ಟಣದಲ್ಲಿದ್ದ ಪಿಡಿಒ ಕಾರ್ಖಾನೆಯಲ್ಲಿ 1988ರಿಂದ 1993ರವರೆಗೆ ತಯಾರಾದ ಸಿಡಿಗಳಲ್ಲಿ ಹಲವು ಕೆಲವೇ ವರ್ಷಗಳಲ್ಲಿ ಅಂಚಿನಿಂದ ಆರಂಭಿಸಿ ಕಂಚಿನ ಬಣ್ಣಕ್ಕೆ ತಿರುಗತೊಡಗಿದವು. ಕ್ರಮೇಣ ಕರಕರ ಸದ್ದು, ಅನಂತರ ಮೌನ. ಕಾರಣವನ್ನು ಶೋಧಿಸಿದಾಗ ತಿಳಿದುದಿಷ್ಟು: ಲೋಹದ ಪದರವನ್ನು ಕಾಯಲು ಬಳಿದಿದ್ದ ಮೆರುಗೆಣ್ಣೆಗೆ ಗಂಧಕವನ್ನು ತಡೆಯುವ ಶಕ್ತಿ ಇರಲಿಲ್ಲ, ಗಂಧಕ ಬಂದುದು ಡಬ್ಬಿಯೊಳಗೆ ಇಟ್ಟಿದ್ದ ಮುದ್ರಿತ ಕಾಗದದಿಂದ! ಸರಕನ್ನು ಕಾಯಬೇಕಾದ ಡಬ್ಬಿಯೇ ಸರಕನ್ನು ತಿಂದಿತು. ಮುದ್ರಣಾಲಯದವನ ಕಾಗದದಲ್ಲಿ ದೋಷವಿರಲಿಲ್ಲ, ಅದು ಎಂದಿನ ಕಾಗದವೇ. ಆ ಎರಡನ್ನೂ ಒಟ್ಟಿಗಿಟ್ಟು ವರ್ಷಾನುಗಟ್ಟಲೆ ಮುಚ್ಚಿದರೆ ಏನಾಗುತ್ತದೆಂದು ಯಾರೂ ಪರೀಕ್ಷಿಸಿರಲಿಲ್ಲ. ಕಂಪನಿಯು ದೋಷವನ್ನು ಒಪ್ಪಿಕೊಂಡು, ಕೆಟ್ಟ ಸಿಡಿಗಳನ್ನು ಮರಳಿ ಪಡೆದು ಹೊಸವನ್ನು ಕಳುಹಿಸುವ ವ್ಯವಸ್ಥೆ ಮಾಡಿ, ಅದನ್ನು ದೀರ್ಘಕಾಲ ನಡೆಸಿಕೊಂಡು ಬಂತು. ಉಪ್ಪಿನಕಾಯಿ, ಊದುಬತ್ತಿ, ಮಸಾಲೆಪುಡಿ ಏನನ್ನೇ ತಯಾರಿಸುವವರಿರಲಿ, ಪೊಟ್ಟಣ ಒದಗಿಸುವವರಿಂದ ದರಪಟ್ಟಿ ತರಿಸುವಾಗ ಈ ಪ್ರಶ್ನೆಯನ್ನೂ ಕೇಳುವುದು ಒಳಿತು.

ಇದಕ್ಕೆ ವಿರುದ್ಧವಾದ ತುದಿಯೂ ಉಂಟು. 2011ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಂನ ಭಾರೀ ಪೆಟ್ಟಿಗೆಯೊಂದು ಹೊರಬಂದಿತು. 1974ರ ವೆಂಬ್ಲಿ ಕಛೇರಿ, 1972ರ ಆರಂಭದ ಮಿಶ್ರಣ ಮುಂತಾದ ಅಪರೂಪದ ವಸ್ತುಗಳು ಅದರಲ್ಲಿದ್ದವು. ಅವುಗಳ ಜೊತೆಗೆ ಒಂದು ಶಾಲು, ಲೋಟ ಇಡುವ ಬಿಲ್ಲೆಗಳು ಮತ್ತು ಗೋಲಿಗಳು! ಧ್ವನಿಯನ್ನು ಮಾತ್ರ ಬಯಸುವ ಗ್ರಾಹಕನು ಗೋಲಿಗಳ ಬೆಲೆಯನ್ನೂ ತೆರಲೇಬೇಕು. ಉಡುಗೊರೆಯ ಸರಕೆಂದು ಇದನ್ನು ಮಾರಲಿ, ಬೇಡವೆನ್ನುವುದಿಲ್ಲ. ಆದರೆ ಬೇರೆಲ್ಲೂ ದೊರೆಯದ ಧ್ವನಿಮುದ್ರಣವನ್ನು ಇಂತಹ ಪೆಟ್ಟಿಗೆಯೊಳಗೆ ಮಾತ್ರ ಇಡುವುದು ದಶಕಗಳ ನಿಷ್ಠಾವಂತ ಗ್ರಾಹಕನಿಗೆ ತೋರುವ ಗೌರವವಲ್ಲ.

ಹಾಗಾದರೆ ಲೇಬಲ್ಲಿನಲ್ಲಿ ಏನಿರಬೇಕು? ಸಿಡಿಯ ಆರಂಭದ ದಿನಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ಡಬ್ಬಿಯ ಹಿಂಬದಿಯಲ್ಲಿ ‘ಎಎಡಿ’, ‘ಎಡಿಡಿ’ ಅಥವಾ ‘ಡಿಡಿಡಿ’ ಎಂಬ ಮೂರಕ್ಷರಗಳು. ಮುದ್ರಣ, ಮಿಶ್ರಣ, ಮಾಸ್ಟರಿಂಗ್ ಈ ಮೂರೂ ಹಂತಗಳು ಅನಲಾಗೋ ಡಿಜಿಟಲ್ಲೋ ಎಂಬ ಸೂಚನೆ. ಕಾಲಕ್ರಮದಲ್ಲಿ ಅದು ಬಳಕೆ ತಪ್ಪಿತು. ನಮ್ಮ ದೇಶದ ಪೊಟ್ಟಣ ಸರಕುಗಳ 2011ರ ನಿಯಮಗಳು ಬಿಸ್ಕತ್ತಿನ ಪೊಟ್ಟಣದ ಮೇಲೂ ತಯಾರಕರ ಹೆಸರು, ತೂಕ, ತಿಂಗಳು, ಗರಿಷ್ಠ ಬೆಲೆಯನ್ನು ಕಾಣಿಸುವಂತೆ ವಿಧಿಸುತ್ತವೆ. ಮರುಮುದ್ರಿತ ಸಿಡಿಯ ಮೇಲೆ ಯಾವ ಟೇಪಿನಿಂದ, ಯಾವ ವರ್ಷ, ಯಾರು ಮಾಸ್ಟರಿಂಗ್ ಮಾಡಿದರು, ಧ್ವನಿಮಟ್ಟ ಏರಿಸಲು ಲಿಮಿಟರ್ ಬಳಸಿದೆಯೇ, ಹಿಂದಿನ ಆವೃತ್ತಿಗಿಂತ ಇದು ಯಾವುದರಲ್ಲಿ ಭಿನ್ನ ಎಂದು ನಾಲ್ಕು ಸಾಲು ಬರೆಯಲು ಜಾಗವಿಲ್ಲವೆಂದರೆ ನಂಬಲಾಗದು.

ಗ್ರಾಹಕರು ಇದನ್ನೆಲ್ಲ ಓದುವುದಿಲ್ಲ ಎನ್ನುವವರಿಗೆ 2022ರ ಅಮೆರಿಕದ ಪ್ರಕರಣವನ್ನು ನೆನಪಿಸಬಯಸುತ್ತೇನೆ. ಅದು ಸಿಡಿಯದಲ್ಲ, ದುಬಾರಿ ಎಲ್‌ಪಿ ಮರುಮುದ್ರಣಗಳದು. ಮೊಬೈಲ್ ಫಿಡೆಲಿಟಿ ಎಂಬ ಕಂಪನಿಯ ತಟ್ಟೆಗಳನ್ನು ಮೂಲ ಟೇಪಿನಿಂದ ನೇರವಾಗಿ, ಡಿಜಿಟಲ್ ಸೋಂಕಿಲ್ಲದೆ ತಯಾರಿಸಲಾಗುತ್ತದೆಂದು ಗ್ರಾಹಕರು ನಂಬಿದ್ದರು. ವಾಸ್ತವದಲ್ಲಿ 2011ರಿಂದಲೇ ನಡುವೆ ಡಿಜಿಟಲ್ ಹಂತವೊಂದನ್ನು ಬಳಸತೊಡಗಿದ್ದುದು ಆ ವರ್ಷ ಬಯಲಾಯಿತು. ದಾವೆಗಳು ಹೂಡಲ್ಪಟ್ಟು, 2023ರಲ್ಲಿ ಸುಮಾರು 2.5 ಕೋಟಿ ಡಾಲರ್ ಮೊತ್ತದ ರಾಜಿ ಏರ್ಪಟ್ಟಿತು. ಸರಕು ಕಳಪೆಯೆಂದು ಯಾರೂ ಹೇಳಿರಲಿಲ್ಲ. ನುರಿತ ವಿಮರ್ಶಕರೇ ಆ ತಟ್ಟೆಗಳ ಧ್ವನಿಯನ್ನು ವರ್ಷಗಟ್ಟಲೆ ಹೊಗಳಿದ್ದರು. ಆದರೂ ಹಣ ಮರಳಿಸಬೇಕಾಗಿ ಬಂತು, ಏಕೆಂದರೆ ವಿವಾದವಿದ್ದುದು ಸರಕಿನ ಗುಣದ ಮೇಲಲ್ಲ, ವರ್ಣನೆಯ ಮೇಲೆ.

ಇಂದಿಗೂ ಸಿಡಿಗಳನ್ನು ಮಾರುವ ಅಂಗಡಿಗಳು ಕೆಲವಿವೆ. ಅಂತಹ ವರ್ತಕರು ಹಳೆಯ ಮತ್ತು ಹೊಸ ಆವೃತ್ತಿಗಳೆರಡನ್ನೂ ಕೇಳಿಸುವಾಗ, ಜೋರಾಗಿರುವ ಸಿಡಿಗೆ ಬಂದೊಡನೆ ಧ್ವನಿಯ ಗುಂಡಿಯನ್ನು ತುಸು ಇಳಿಸಿ, ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿಸಲಿ. ಆಗ ಹೊಸದೇ ಹೆಚ್ಚೆಂದು ಗ್ರಾಹಕನಿಗೆ ತೋರಿದರೆ ಬೆಲೆಯ ವಿಷಯದಲ್ಲಿ ಆತ ಚೌಕಾಶಿ ಮಾಡುವುದು ಕಡಿಮೆ.