ಕೀಲಿನ ಸದ್ದೂ ರೋಗನಿರ್ಣಯವೂ

ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಂತಹ ಊರಿನಲ್ಲಿ, ಭತ್ತದ ಗದ್ದೆಯ ಕೆಸರಿನಲ್ಲಿ ಪಾದ ಹೂತಿರುವಾಗಲೇ ಮೈ ಹೊರಳಿದರೆ, ಅಥವಾ ಕಬಡ್ಡಿಯಾಡುವ ಹುಡುಗ ಓಟದ ನಡುವೆ ಗಕ್ಕನೆ ತಿರುಗಿದರೆ, ಮೊಣಕಾಲಿನೊಳಗೆ ‘ಟಕ್’ ಎಂದು ಏನೋ ಕಡಿದಂತಾಗುವುದುಂಟು. ಕೆಲವೇ ಗಂಟೆಗಳಲ್ಲಿ ಕೀಲು ಬಾತುಕೊಳ್ಳುತ್ತದೆ. ಮನೆಯವರು ಉಳುಕೆಂದು ಬಗೆದು ಎಣ್ಣೆ ತಿಕ್ಕುತ್ತಾರೆ. ಎಕ್ಸ್-ರೇ ತೆಗೆಸಿದರೆ ಎಲುಬು ಸರಿಯಾಗಿದೆಯೆಂಬ ಉತ್ತರ ಬರುತ್ತದೆ. ಎಲುಬು ಸರಿಯಾಗಿಯೇ ಇರಬಹುದು. ಹರಿದಿರುವುದು ಎಲುಬನ್ನು ಎಲುಬಿಗೆ ಬಿಗಿದಿರುವ ಅಸ್ಥಿರಜ್ಜು, ಅಂದರೆ ಲಿಗಮೆಂಟು. ಅದು ಎಕ್ಸ್-ರೇ ಚಿತ್ರದಲ್ಲಿ ಮೂಡುವುದಿಲ್ಲ. ಎಂ.ಆರ್.ಐ. ಚಿತ್ರಕ್ಕಾಗಿ ಹುಬ್ಬಳ್ಳಿಯ ಇಲ್ಲವೆ ಧಾರವಾಡದ ದಾರಿ ಹಿಡಿಯಬೇಕು. ಕೂಲಿಯ ಮೇಲೆ ಬದುಕುವವನಿಗೆ ಆ ವೆಚ್ಚ ಹಗುರವಲ್ಲ. ಹೀಗೆ ತಿಂಗಳುಗಳು ಉರುಳುವಷ್ಟರಲ್ಲಿ, ಹಿಡಿತ ತಪ್ಪಿದ ಕೀಲು ಜಾರಿ ಜಾರಿ ಒಳಗಿನ ಮೃದ್ವಸ್ಥಿಯೂ ಕೆಡತೊಡಗುತ್ತದೆ.

ವೈದ್ಯನ ಕೈಗೂ ಆ ದುಬಾರಿ ಯಂತ್ರಕ್ಕೂ ನಡುವಿರುವ ಈ ತೆರವನ್ನು ಕೀಲಿನ ಸದ್ದು ತುಂಬಬಲ್ಲುದೆ? ಭಾಗಶಃ ತುಂಬಬಲ್ಲುದೆಂಬುದೇ ನನ್ನ ಅಭಿಪ್ರಾಯ.

ವಿಚಾರವೇನೋ ಹಳೆಯದು. 1816ರಲ್ಲಿ ಫ್ರಾನ್ಸಿನ ಲೇನೆಕ್ ಸ್ಟೆತಾಸ್ಕೋಪನ್ನು ರೂಪಿಸಿದ ಮೇಲೆ ಎದೆಯ ಸದ್ದನ್ನು ಆಲಿಸುವುದು ವೈದ್ಯರ ನಿತ್ಯಕರ್ಮವಾಯಿತು. 1902ರಲ್ಲಿ ಬ್ಲಾಡ್ಜೆಟ್ ಎಂಬ ವೈದ್ಯರು ಮೊಣಕಾಲಿಗೂ ಕಿವಿಗೊಟ್ಟರು. ಆದರೆ ಕೀಲಿನ ಕಂಪನಗಳಲ್ಲಿ ಬಹುಪಾಲು ತೀರ ತಗ್ಗಿನ ಸ್ವರದವು. ಅಂತಹವುಗಳಿಗೆ ನಮ್ಮ ಕಿವಿ ಮಂದ.

ಆ ಕಂಪನಗಳನ್ನು ಗಣಿತದ ಹಿಡಿತಕ್ಕೆ ತಂದವರಲ್ಲಿ ಕನ್ನಡನಾಡಿನಲ್ಲಿ ಓದಿದವರೊಬ್ಬರಿದ್ದಾರೆಂಬುದನ್ನು ಓದುಗರು ತಿಳಿದಿರಬೇಕು. ರಂಗರಾಜ್ ರಂಗಯ್ಯನ್ ಅವರು ಮಂಡ್ಯದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿನಲ್ಲಿ 1976ರಲ್ಲಿ ಪದವಿಯನ್ನೂ, 1980ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಡಾಕ್ಟರೇಟನ್ನೂ ಪಡೆದವರು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾನಿಲಯದಲ್ಲಿ ಅವರೂ ಅವರ ಸಂಗಡಿಗರೂ ಅನುಸರಿಸಿದ ಕ್ರಮ ಬಹು ಸರಳವಾದುದು. ಮೇಜಿನಂಚಿನಲ್ಲಿ ಕುಳಿತವನ ಮೊಣಕಾಲ ಚಿಪ್ಪಿನ ಮೇಲೆ ಕಂಪನವನ್ನು ಅಳೆಯುವ ಒಂದು ಪುಟ್ಟ ಸಾಧನವನ್ನು ಅಂಟಿಸುತ್ತಾರೆ. ಆತ ಮಡಿಸಿದ ಕಾಲನ್ನು ಪೂರ್ತಿ ನೀಡಿ, ಸುಮಾರು 4 ಸೆಕೆಂಡುಗಳೊಳಗೆ ಮತ್ತೆ ಮಡಿಸುತ್ತಾನೆ. ಅಷ್ಟರಲ್ಲಿ ಸೆಕೆಂಡಿಗೆ 2000 ಬಾರಿಯಂತೆ ಕಂಪನ ದಾಖಲಾಗುತ್ತದೆ. ಅವರು ಪರಿಶೀಲಿಸಿದ ಒಂದು ಸಂಗ್ರಹದ 89 ದಾಖಲೆಗಳಲ್ಲಿ 51 ಆರೋಗ್ಯವಂತರವು, 38 ಕೀಲುಬೇನೆಯವರವು. ಚರ್ಮವನ್ನು ಕೊಯ್ಯದೆ, ವಿಕಿರಣವನ್ನು ಹಾಯಿಸದೆ, ಇವೆರಡನ್ನೂ ಬೇರ್ಪಡಿಸಲು ಗಣಕಯಂತ್ರಕ್ಕೆ ಕಲಿಸಲಾಯಿತು.

ಇಲ್ಲಿ ಉತ್ಸಾಹಕ್ಕೆ ತುಸು ಕಡಿವಾಣ ಬೇಕು. ಹರಿದ ಲಿಗಮೆಂಟು ತಾನಾಗಿ ಹಾಡುವುದಿಲ್ಲ. ಕಾಲನ್ನು ನೀಡಿ ಮಡಿಸುವಾಗ ಕೇಳಿಬರುವುದು ಹೆಚ್ಚಾಗಿ ಒರಟಾದ ಮೃದ್ವಸ್ಥಿ ಉಜ್ಜುವ ಸದ್ದು. ಲಿಗಮೆಂಟಿನ ಸುದ್ದಿ ಆ ಸದ್ದಿನ ಮೂಲಕ ಪರೋಕ್ಷವಾಗಿ ಬರತಕ್ಕದ್ದು. ಆದುದರಿಂದ ಹೊಸದಾಗಿ ಹರಿದ ಕೀಲು ಮೌನವಾಗಿರಬಹುದು. ಕುಳಿತೆದ್ದಾಗಲೆಲ್ಲ ಲಟಲಟ ಎನ್ನುವ ಅಜ್ಜನ ಕೀಲಿನ ಕಟ್ಟುಗಳು ಭದ್ರವಾಗಿರಬಹುದು. ನೋವಿಲ್ಲದ ಲಟಿಕೆಗೆ ಅಂಜಬೇಕಾದ ಕಾರಣ ಸಾಮಾನ್ಯವಾಗಿ ಇರುವುದಿಲ್ಲ. ಮೊಣಕಾಲನ್ನು 20-30 ಡಿಗ್ರಿ ಮಡಿಸಿ, ತೊಡೆಯನ್ನು ಒಂದು ಕೈಯಲ್ಲಿ ಹಿಡಿದು, ಕಣಕಾಲಿನ ಎಲುಬನ್ನು ಮುಂದಕ್ಕೆ ಎಳೆದು ನೋಡುವ ಲ್ಯಾಕ್‌ಮನ್ ಪರೀಕ್ಷೆ 1976ರಲ್ಲಿ ಪ್ರಕಟವಾಯಿತು. ನುರಿತ ಕೈಗಳಲ್ಲಿ ಅದು ಇಂದಿಗೂ ಬಹಳ ನಂಬಲರ್ಹವಾದುದು. ಅದಕ್ಕೆ ಬೇಕಾದುದು ವೈದ್ಯನ ಎರಡು ಕೈಗಳಷ್ಟೆ. ಆದರೆ ಬಾವು, ನೋವುಗಳಿಂದ ತೊಡೆಯ ಸ್ನಾಯು ಬಿಗಿದಿದ್ದರೆ ಆ ಕೈಗೂ ಸಂದೇಹ ಬರುತ್ತದೆ. ಬಾವಿಳಿದು ಕಾಲು ಆಡುವಂತಾದ ಮೇಲೂ ಸಂದೇಹ ಉಳಿದರೆ, ಕಂಪನದ ದಾಖಲೆ ಇನ್ನೊಂದು ಸಾಕ್ಷಿಯಾಗಿ, ಯಾರನ್ನು ಮೊದಲು ಎಂ.ಆರ್.ಐ.ಗೆ ಕಳುಹಿಸಬೇಕೆಂಬುದನ್ನು ತೀರ್ಮಾನಿಸಲು ನೆರವಾದೀತು.

ಇದಕ್ಕೆ ಕೆನಡಾದ ಮೊಣಕಾಲುಗಳ ದಾಖಲೆ ಸಾಲದು. ನಮ್ಮವರು ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುತ್ತಾರೆ, ಚಕ್ಕಳಮಕ್ಕಳ ಹಾಕಿ ಉಣ್ಣುತ್ತಾರೆ. ನಮ್ಮ ಆರೋಗ್ಯವಂತ ಕೀಲಿನ ಸದ್ದು ಹೇಗಿರುತ್ತದೆಂಬುದನ್ನು ನಾವೇ ಅಳೆಯಬೇಕಾಗಿದೆ. ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿದೆ, ಧಾರವಾಡದಲ್ಲಿ 2016ರಿಂದ ಐ.ಐ.ಟಿ. ಇದೆ. ರೋಗಿಗಳು ಅಲ್ಲಿಗೆ ಬರುತ್ತಾರೆ, ಗಣಿತ ಬಲ್ಲವರು ಇಲ್ಲಿದ್ದಾರೆ. ಪ್ರತಿಯೊಂದು ದಾಖಲೆಯ ಜತೆಗೆ ವಯಸ್ಸು, ಮಾಡುವ ಕೆಲಸ, ಪೆಟ್ಟಾಗಿ ಎಷ್ಟು ದಿನವಾಯಿತು, ಮುಂದೆ ಎಂ.ಆರ್.ಐ.ಯಲ್ಲಿ ಕಂಡುದೇನು ಎಂಬುದನ್ನೂ ಬರೆದಿಡಬೇಕು. ಮತ್ತು ಯಂತ್ರ ‘ದೋಷವಿಲ್ಲ’ ಎಂದರೂ, ಮೆಟ್ಟಿಲಿಳಿಯುವಾಗ ಮೊಣಕಾಲು ಕುಸಿಯುತ್ತದೆಂದು ಹೇಳುವವನನ್ನು ಮರಳಿ ಗದ್ದೆಗೆ ಅಟ್ಟಕೂಡದು. ಅವನನ್ನು ಕೀಲು-ಮೂಳೆ ತಜ್ಞರ ಬಳಿಗೇ ಕಳುಹಿಸಬೇಕು.