ಗೆದ್ದ ಎತ್ತಿನ ಬಾಲ

ಅಮೆರಿಕದ ವಿಶ್ವವಿದ್ಯಾಲಯಗಳ ಹೆಸರು ನಮ್ಮ ನಗರಗಳಲ್ಲಿ ಈಗ ಮನೆಮಾತು. ಯಾರ ಮನೆಗೆ ಹೋದರೂ ಒಬ್ಬ ಮಗನೋ ಅಳಿಯನೋ ಅಲ್ಲಿ ಓದಿಬಂದ ಸುದ್ದಿ ಕಿವಿಗೆ ಬೀಳುತ್ತದೆ. ಆದರೆ ಆ ವಿಶ್ವವಿದ್ಯಾಲಯಗಳಲ್ಲಿ ಅನೇಕವು ತಮ್ಮ ಊರಿನ ಜನಕ್ಕೆ ಮುಖ್ಯವಾಗಿರುವುದು ಗ್ರಂಥಾಲಯದ ದೆಸೆಯಿಂದಲ್ಲ, ಫುಟ್‌ಬಾಲ್ ತಂಡದ ದೆಸೆಯಿಂದ. ಆ ತಂಡಗಳ ಅಭಿಮಾನಿಗಳ ಮೇಲೆ ನನ್ನದೊಂದು ಆರೋಪವಿದೆ. ಮೂರು ನಾಲ್ಕು ವರ್ಷ ತಮಗಾಗಿ ಆಡಿ, ಕಾಲೇಜು ಬಿಟ್ಟು ಹೊರಡುವ ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸಿನ ಹುಡುಗನ ಬೆಲೆ ಕಟ್ಟುವಾಗ ಅವರು ಕೈಯಲ್ಲಿ ಹಿಡಿಯುವುದು ಸುಳ್ಳು ತಕ್ಕಡಿ. ಅವನ ಕೈಯಲ್ಲಿ ಇಲ್ಲದಿದ್ದುದನ್ನೆಲ್ಲ ಅವನ ಲೆಕ್ಕಕ್ಕೆ ಬರೆಯುತ್ತಾರೆ. ಅವನ ಕೈಯಲ್ಲಿ ಇದ್ದುದನ್ನು ಬರೆಯಲು ಮರೆಯುತ್ತಾರೆ.

ಮೊದಲು ಆಟದ ವಿಷಯ ಎರಡು ಮಾತು. ಇದು ನಾವು ಕಾಲಿನಿಂದ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಹನ್ನೊಂದು ಜನ ಎದುರಾಳಿಯ ಗಡಿಯ ಕಡೆಗೆ ಒಂದೊಂದೇ ಗಜವಾಗಿ ಮುನ್ನುಗ್ಗುವ ಆಟ. ನುಗ್ಗುವ ತಂಡದ ನಾಯಕಸ್ಥಾನದಲ್ಲಿರುವವನೇ ಕ್ವಾರ್ಟರ್‌ಬ್ಯಾಕ್. ಹೆಚ್ಚುಕಡಮೆ ಪ್ರತಿ ಸಲವೂ ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಅದನ್ನು ದೂರಕ್ಕೆ ಎಸೆಯುವುದೋ, ಪಕ್ಕದವನಿಗೆ ಕೊಡುವುದೋ, ತಾನೇ ಹಿಡಿದು ಓಡುವುದೋ ಎಂಬುದನ್ನು ಎರಡು ಮೂರು ಸೆಕೆಂಡಿನಲ್ಲಿ ಅವನು ತೀರ್ಮಾನಿಸಬೇಕು. ಇಷ್ಟು ಸರಿ. ಆದರೆ ಇನ್ನೊಂದು ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ನನ್ನ ವಾದವೆಲ್ಲ ಅದರ ಮೇಲೆ ನಿಂತಿದೆ. ಚೆಂಡು ಎದುರಾಳಿಯ ವಶಕ್ಕೆ ಹೋದ ಕೂಡಲೆ ಕ್ವಾರ್ಟರ್‌ಬ್ಯಾಕ್ ಮೈದಾನ ಬಿಟ್ಟು ಹೋಗಿ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾನೆ. ತಡೆಯುವ ಕೆಲಸಕ್ಕೆ ಬೇರೆಯೇ ಹನ್ನೊಂದು ಮಂದಿ ಇಳಿಯುತ್ತಾರೆ. ಎದುರಾಳಿ ಅಂಕ ಗಳಿಸುತ್ತಿರುವಾಗ ನಮ್ಮ ನಾಯಕನೂ ಪ್ರೇಕ್ಷಕರಂತೆ ಒಬ್ಬ ಪ್ರೇಕ್ಷಕ.

ಈಗ ಟೆನೆಸೀ ರಾಜ್ಯದ ನಾಕ್ಸ್‌ವಿಲ್ ನಗರಕ್ಕೆ ಬನ್ನಿ. ಟೆನೆಸೀ ವಿಶ್ವವಿದ್ಯಾಲಯದ ನೇಲಂಡ್ ಕ್ರೀಡಾಂಗಣ ಲಕ್ಷಕ್ಕೂ ಮೀರಿದ ಜನ ಕೂರುವ ಸ್ಥಳ. 1994ರಿಂದ 1997ರ ವರೆಗೆ ಅಲ್ಲಿ ಆಡಿದವನು ಪೇಟನ್ ಮ್ಯಾನಿಂಗ್. ಅವನ ತಂದೆ ಆರ್ಚಿ ಮ್ಯಾನಿಂಗ್ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಪ್ರಸಿದ್ಧ ಆಟಗಾರ. ಮಗ ತಂದೆಯ ಕಾಲೇಜನ್ನು ಬಿಟ್ಟು ಟೆನೆಸೀಗೆ ಹೋದನೆಂದು ಮಿಸಿಸಿಪ್ಪಿಯ ಅಭಿಮಾನಿಗಳು ಮುನಿದರು. ಹುಡುಗ ಇನ್ನೂ ಒಂದು ಚೆಂಡು ಎಸೆದಿರಲಿಲ್ಲ. ಆಗಲೇ ಒಂದು ರಾಜ್ಯ ಅವನ ಮೇಲೆ ತೀರ್ಪು ಕೊಟ್ಟಾಗಿತ್ತು!

ಅವನು ಆರಂಭದಿಂದ ಕಣಕ್ಕಿಳಿದ ಪಂದ್ಯಗಳು 45. ಅವುಗಳಲ್ಲಿ 39 ಗೆಲುವು, 6 ಸೋಲು. ಎಸೆದು ಗಳಿಸಿದ್ದು 11,201 ಗಜ. ಎದುರಾಳಿಯ ಗಡಿ ದಾಟಿಸಿದ ಎಸೆತಗಳು, ಎಂದರೆ ಟಚ್‌ಡೌನ್‌ಗಳು, 89. ಟೆನೆಸೀಯ ಹಳೆಯ ವೈರಿ ಅಲಬಾಮ. 1985ರ ನಂತರ ಮೈದಾನದಲ್ಲಿ ಆ ತಂಡವನ್ನು ಸೋಲಿಸಲು ಟೆನೆಸೀಗೆ ಸಾಧ್ಯವಾಗಿರಲಿಲ್ಲ. 1995ರಲ್ಲಿ ಮ್ಯಾನಿಂಗ್ ತನ್ನ ತಂಡದ ಮೊದಲನೆಯ ಆಟದಲ್ಲೇ 80 ಗಜದ ಟಚ್‌ಡೌನ್ ಹೊಡೆಸಿ ಆ ಶಾಪ ಕಳೆದ. ಮುಂದಿನ ಎರಡು ವರ್ಷವೂ ಅಲಬಾಮವನ್ನು ಸೋಲಿಸಿದ. ಮೂರೇ ವರ್ಷದಲ್ಲಿ ಪದವಿಯನ್ನೂ ಮುಗಿಸಿದ. 1997ರ ಮಾರ್ಚಿಯಲ್ಲಿ ವೃತ್ತಿಪರ ತಂಡಗಳು ಲಕ್ಷಾಂತರ ಡಾಲರಿನ ಥೈಲಿ ಹಿಡಿದು ನಿಂತಿದ್ದಾಗ, ಇನ್ನೊಂದು ವರ್ಷ ಕಾಲೇಜಿನಲ್ಲೇ ಆಡುತ್ತೇನೆಂದು ಹೇಳಿ ಉಳಿದುಕೊಂಡ. ಆ ವರ್ಷ ಆಗ್ನೇಯ ವಿಭಾಗದ ಪ್ರಶಸ್ತಿಯ ಪಂದ್ಯದಲ್ಲಿ ಆಬರ್ನ್ ತಂಡವನ್ನು 30-29ರಿಂದ ಸೋಲಿಸಿ ಪಟ್ಟ ತಂದ.

ಇಷ್ಟೆಲ್ಲ ಆದ ಮೇಲೂ ಅವನು ಹೊರಡುವಾಗ ಜನರ ಬಾಯಲ್ಲಿದ್ದ ಮಾತು ಒಂದೇ: "ಫ್ಲಾರಿಡಾವನ್ನು ಮಾತ್ರ ಗೆಲ್ಲಲಿಲ್ಲ." ನಿಜ, ಗೆಲ್ಲಲಿಲ್ಲ. 1995ರಲ್ಲಿ 62-37, 1996ರಲ್ಲಿ 35-29, 1997ರಲ್ಲಿ 33-20. ಮೂರು ಸಲವೂ ಸೋಲು. ಫ್ಲಾರಿಡಾದ ತರಬೇತುದಾರ ಸ್ಟೀವ್ ಸ್ಪರಿಯರ್ ಚೇಷ್ಟೆಯ ನಾಲಗೆಯವರು. ವಿಭಾಗದಲ್ಲಿ ಮೊದಲ ಸ್ಥಾನ ತಪ್ಪಿದವರು ಹೋಗಿ ಆಡುವ ಪಂದ್ಯಕ್ಕೆ ಸಿಟ್ರಸ್ ಬೌಲ್ ಎಂದು ಹೆಸರು. ಟೆನೆಸೀ ವಿಶ್ವವಿದ್ಯಾಲಯದ ಸಂಕ್ಷಿಪ್ತನಾಮ ಯು.ಟಿ. ಈ ಎರಡು ಅಕ್ಷರವಿಲ್ಲದೆ 'ಸಿಟ್ರಸ್' ಎಂದು ಬರೆಯಲಾಗದೆಂದು ಅವರು ಹಾಸ್ಯ ಮಾಡಿದರು. ವೈರಿಯ ಹಾಸ್ಯ ವೈರಿಗೆ ಶೋಭೆ. ಆದರೆ ಸ್ವಂತ ಊರಿನವರೇ ಆ ಹಾಸ್ಯವನ್ನು ತೀರ್ಪಾಗಿ ಸ್ವೀಕರಿಸಿದ್ದನ್ನು ಏನೆನ್ನಬೇಕು?

ಆ ಮೂರು ಪಂದ್ಯಗಳಲ್ಲಿ ಫ್ಲಾರಿಡಾ ಗಳಿಸಿದ ಅಂಕಗಳನ್ನು ಕೂಡಿ ನೋಡಿ: 130. ಅವುಗಳಲ್ಲಿ ಬಹುಪಾಲು ಗಳಿಕೆಯಾಗುವಾಗ ಮ್ಯಾನಿಂಗ್ ಬೆಂಚಿನ ಮೇಲಿದ್ದ. ತಡೆಯಬೇಕಾದವರು ತಡೆಯಲಿಲ್ಲ, ಎಸೆಯುವವನಿಗೆ ಅಪಕೀರ್ತಿ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮ ಕಡೆಯ ಗಾದೆಯಲ್ಲಿ ಮಾತ್ರವೇ ಇಲ್ಲವೆಂದಾಯಿತು.

"ಕುಣಿಯಲಾರದವಳು ನೆಲ ಡೊಂಕು ಎಂದಳು, ನಿಮ್ಮ ವಾದವೂ ಅದೇ ಜಾತಿಯದು" ಎಂದು ಅಭಿಮಾನಿಗಳು ಹೇಳಿಯಾರು. "ಗೆದ್ದಾಗ ಹಾರ ಹಾಕಿಸಿಕೊಳ್ಳುವವನು ಸೋತಾಗ ಹೊಣೆ ಹೊರಬೇಡವೆ?" ಎಂದೂ ಕೇಳಿಯಾರು. ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಅವನದಾದ ತಪ್ಪು ಅವನ ಲೆಕ್ಕಕ್ಕೇ ಹೋಗಲಿ. 1996ರಲ್ಲಿ ಒಂದು ಲಕ್ಷದ ಏಳು ಸಾವಿರಕ್ಕೂ ಹೆಚ್ಚು ಜನರ ಎದುರಿಗೆ, ತನ್ನದೇ ಅಂಗಳದಲ್ಲಿ, ಮ್ಯಾನಿಂಗ್ ನಾಲ್ಕು ಸಲ ಚೆಂಡನ್ನು ಫ್ಲಾರಿಡಾದವರ ಕೈಗೆ ಎಸೆದ. ತಂಡ 35-0 ಹಿಂದೆ ಬಿತ್ತು. ಅದನ್ನು ಕೆಂಪು ಶಾಯಿಯಲ್ಲೇ ಬರೆಯಿರಿ. ಆದರೆ ಅದೇ ಪಂದ್ಯದಲ್ಲಿ ಅವನು 492 ಗಜ ಎಸೆದು, ನಾಲ್ಕು ಟಚ್‌ಡೌನ್ ಹೊಡೆಸಿ, ಅಂತರವನ್ನು ಆರು ಅಂಕಕ್ಕೆ ಇಳಿಸಿದ್ದನ್ನೂ ಅದರ ಪಕ್ಕದಲ್ಲೇ ಬರೆಯಬೇಕು. ಇನ್ನು ಹಾರದ ಮಾತು: ಸೋಲಿನ ಹೊಣೆಯನ್ನು ಹಂಚಬೇಕೆನ್ನುವ ನಾನು ಗೆಲುವಿನ ಹಾರವನ್ನೂ ಹಂಚಬೇಕೆಂದೇ ಹೇಳುತ್ತೇನೆ. 39 ಗೆಲುವೂ ಅವನೊಬ್ಬನದಲ್ಲ.

ನನ್ನ ಮಾತಿಗೆ ಬಲವಾದ ಸಾಕ್ಷಿ ಮ್ಯಾನಿಂಗ್ ಹೋದ ಮರುವರ್ಷ ಸಿಕ್ಕಿತು. 1998ರಲ್ಲಿ ಅವನ ಸ್ಥಾನಕ್ಕೆ ಬಂದವನು ಟೀ ಮಾರ್ಟಿನ್. ಆ ವರ್ಷ ಟೆನೆಸೀ ಫ್ಲಾರಿಡಾವನ್ನು ಹೆಚ್ಚುವರಿ ಅವಧಿಯಲ್ಲಿ 20-17ರಿಂದ ಸೋಲಿಸಿತು. 13 ಪಂದ್ಯಗಳಲ್ಲಿ ಒಂದನ್ನೂ ಸೋಲದೆ, 1951ರ ನಂತರ ಮೊದಲ ಬಾರಿಗೆ ರಾಷ್ಟ್ರೀಯ ಪಟ್ಟವೇರಿತು. "ನೋಡಿದಿರಾ, ಮ್ಯಾನಿಂಗ್ ಹೋದ, ಪಟ್ಟ ಬಂತು" ಎಂದು ಜನ ಚಪ್ಪಾಳೆ ತಟ್ಟಿದರು. ಗೆದ್ದ ಎತ್ತಿನ ಬಾಲ ಹಿಡಿಯುವುದೆಂದರೆ ಇದೇ. ಫ್ಲಾರಿಡಾವನ್ನು ಗೆದ್ದ ಆ ದಿನ ಮಾರ್ಟಿನ್ ಎಸೆದು ಗಳಿಸಿದ್ದು 64 ಗಜ. 492 ಗಜ ಎಸೆದವನು ಸೋತ. 64 ಗಜ ಎಸೆದವನು ಗೆದ್ದ. ಗೆಲುವು ಬಂದದ್ದು ಎಲ್ಲಿಂದ? ಆಲ್ ವಿಲ್ಸನ್ ಎಂಬ ತಡೆಗಾರ ಆ ಒಂದೇ ಪಂದ್ಯದಲ್ಲಿ ಮೂರು ಸಲ ಎದುರಾಳಿಗಳ ಕೈಯಿಂದ ಚೆಂಡನ್ನು ಬೀಳಿಸಿದ. ಕೊನೆಗೆ ಪಂದ್ಯವನ್ನು ಸರಿಗಟ್ಟಬೇಕಾಗಿದ್ದ ಫ್ಲಾರಿಡಾದ ಒದೆತ ಗುರಿ ತಪ್ಪಿತು. ಇದರಲ್ಲಿ ಮಾರ್ಟಿನ್‌ಗೆ ಅವಮಾನವೇನೂ ಇಲ್ಲ. ಅವನು ದಿಟ್ಟ ಆಟಗಾರ. ಅದೇ ವರ್ಷ ಸೌತ್ ಕ್ಯಾರೊಲೈನಾದ ವಿರುದ್ಧ ಸತತವಾಗಿ 23 ಎಸೆತಗಳನ್ನು ಗುರಿ ಮುಟ್ಟಿಸಿದ. ಅವನನ್ನು ಹೊಗಳಬೇಕಾದರೆ ಅದಕ್ಕಾಗಿ ಹೊಗಳಿ.

ಆ ಪಟ್ಟವಾದರೂ ಎಷ್ಟು ಸಣ್ಣ ಎಳೆಯ ಮೇಲೆ ತೂಗಾಡಿತ್ತೆಂಬುದನ್ನು ನೋಡಿ. ನವೆಂಬರಿನಲ್ಲಿ ಅರ್ಕನ್ಸಾ ತಂಡ ಟೆನೆಸೀಗಿಂತ 24-22 ಮುಂದಿತ್ತು. ಎರಡು ನಿಮಿಷಕ್ಕೂ ಕಡಮೆ ಕಾಲ ಉಳಿದಿತ್ತು. ಚೆಂಡು ಅರ್ಕನ್ಸಾದ ಕೈಯಲ್ಲೇ ಇತ್ತು. ಅವರ ಕ್ವಾರ್ಟರ್‌ಬ್ಯಾಕ್ ಕ್ಲಿಂಟ್ ಸ್ಟರ್ನರ್ ತನ್ನ ಸಂಗಡಿಗನ ಕಾಲು ತೊಡರಿ ಮುಗ್ಗರಿಸಿದ, ಬೀಳದಿರಲೆಂದು ಚೆಂಡು ಹಿಡಿದ ಕೈಯನ್ನೇ ನೆಲಕ್ಕೂರಿದ, ಚೆಂಡು ಜಾರಿತು. ಟೆನೆಸೀ ಅದನ್ನು ಬಾಚಿಕೊಂಡು 28-24ರಿಂದ ಗೆದ್ದಿತು. ಒಬ್ಬ ಹುಡುಗನ ಕಾಲು ಒಂದಂಗುಲ ಪಕ್ಕಕ್ಕೆ ಬಿದ್ದಿದ್ದರೆ ಆ ಪಟ್ಟ ಬಹುಶಃ ಕೈ ತಪ್ಪುತ್ತಿತ್ತು. ಆಗ ಮಾರ್ಟಿನ್ ಚಿಕ್ಕವನಾಗುತ್ತಿದ್ದನೆ? ಮ್ಯಾನಿಂಗ್ ದೊಡ್ಡವನಾಗುತ್ತಿದ್ದನೆ? ಇಬ್ಬರೂ ಎಸೆದ ಚೆಂಡುಗಳು ಅವೇ ಆಗಿರುತ್ತಿದ್ದವು. ಸ್ಟರ್ನರ್‌ನ ಗತಿಯಂತೂ ಇನ್ನೂ ದಾರುಣ. ಮರುವರ್ಷ, 1999ರಲ್ಲಿ, ತನ್ನದೇ ಅಂಗಳದಲ್ಲಿ, ಅದೇ 28-24ರ ಅಂತರದಿಂದ ಅವನು ಟೆನೆಸೀಯನ್ನು ಸೋಲಿಸಿ ಸೇಡು ತೀರಿಸಿಕೊಂಡ. ಆದರೂ ಅವನ ಹೆಸರೆತ್ತಿದರೆ ಮೊದಲು ಜನರ ನೆನಪಿಗೆ ಬರುವುದು ಆ ಮುಗ್ಗರಿಕೆ.

ಗೆಲುವೇ ತಮ್ಮ ಅಳತೆಗೋಲು ಎಂದು ಹೇಳುವ ಈ ಅಭಿಮಾನಿಗಳು ಆ ಕೋಲನ್ನಾದರೂ ನೆಟ್ಟಗೆ ಹಿಡಿಯುತ್ತಾರೆಯೆ? ಅದೂ ಇಲ್ಲ. ಮ್ಯಾನಿಂಗ್ ಟೆನೆಸೀಗಾಗಿ ಆಡಿದ ಕಡೆಯ ಪಂದ್ಯ 1998ರ ಜನವರಿಯ ಆರೆಂಜ್ ಬೌಲ್. ಮೊಣಕಾಲು ನೋವಿನಲ್ಲೇ ಆಡಿದ. ನೆಬ್ರಾಸ್ಕ 42-17ರಿಂದ ಸೋಲಿಸಿತು. 2024ರ ಡಿಸೆಂಬರಿನಲ್ಲಿ ಅದೇ ಟೆನೆಸೀ ರಾಷ್ಟ್ರೀಯ ಪಟ್ಟದ ಸುತ್ತಿನಲ್ಲಿ ಓಹಾಯೊ ಸ್ಟೇಟ್ ತಂಡಕ್ಕೆ ಸೋತದ್ದೂ 42-17ರಿಂದಲೇ. ಆಗಿನ ಕ್ವಾರ್ಟರ್‌ಬ್ಯಾಕ್ ನೀಕೊ ಯಾಮಲಿಯಾವ. ಅದೇ ವರ್ಷ ಅವನ ತಂಡ ಫ್ಲಾರಿಡಾವನ್ನೂ ಗೆದ್ದಿತ್ತು, ಅಲಬಾಮವನ್ನೂ ಗೆದ್ದಿತ್ತು. ಮ್ಯಾನಿಂಗ್‌ನ ಜಾತಕದಲ್ಲಿ ಇಲ್ಲದ ಫ್ಲಾರಿಡಾ ಗೆಲುವು ಇವನಿಗೆ ದಕ್ಕಿತ್ತು. 2025ರ ಏಪ್ರಿಲಿನಲ್ಲಿ, ಸಂಭಾವನೆಯ ಮಾತುಕತೆ ಮುರಿದುಬಿತ್ತೆಂಬ ಸುದ್ದಿಗಳ ನಡುವೆ, ಅವನು ಟೆನೆಸೀ ಬಿಟ್ಟು ಕ್ಯಾಲಿಫೋರ್ನಿಯದ ಯು.ಸಿ.ಎಲ್.ಎ. ತಂಡವನ್ನು ಸೇರಿದ. ಕೂಡಲೆ ಅನೇಕ ಅಭಿಮಾನಿಗಳಿಗೆ ಅವನ ಗೆಲುವುಗಳೆಲ್ಲ ಮರೆತುಹೋದವು. ಉಳಿದದ್ದು ಕೃತಘ್ನನೆಂಬ ಬಿರುದು. ಫ್ಲಾರಿಡಾವನ್ನು ಒಮ್ಮೆಯೂ ಸೋಲಿಸದ ಮ್ಯಾನಿಂಗ್‌ನ ಹೆಸರಿನಲ್ಲಿ ಅದೇ ಊರಿನಲ್ಲಿ ಒಂದು ಬೀದಿಯಿದೆ. 2005ರಲ್ಲಿ ಅವನ 16ನೆಯ ಸಂಖ್ಯೆಯ ಅಂಗಿಯನ್ನು ಇನ್ನಾರಿಗೂ ಕೊಡಬಾರದೆಂದು ಗೌರವದಿಂದ ಎತ್ತಿಟ್ಟಿದ್ದಾರೆ.

ಬೀದಿಗೆ ಮ್ಯಾನಿಂಗ್ ಯೋಗ್ಯನೇ. ಆ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಬಾಯಿಗೂ ಕೈಗೂ ಇರುವ ಅಂತರದ ಮೇಲೆ. ಬಾಯಲ್ಲಿ ಗೆಲುವಿನ ಲೆಕ್ಕ. ಕೈಯಲ್ಲಿ ತೂಗುವುದು "ನಮ್ಮನ್ನು ಬಿಟ್ಟು ಹೋದನೆ, ನಮ್ಮೊಡನೆ ಉಳಿದನೆ" ಎಂಬ ಒಲವಿನ ಲೆಕ್ಕ. ಒಲವಿನ ಲೆಕ್ಕ ತಪ್ಪೆಂದಲ್ಲ. ಆದರೆ ಆ ಲೆಕ್ಕಕ್ಕೆ ಎರಡು ಕಡೆ ಇರಬೇಕು. ಮ್ಯಾನಿಂಗ್‌ನ ಕಾಲದಲ್ಲಿ ಲಕ್ಷ ಜನ ಟಿಕೆಟ್ಟು ಕೊಂಡು ಕ್ರೀಡಾಂಗಣ ತುಂಬಿದರು; ತರಬೇತುದಾರರು ಸಂಬಳ ಪಡೆದರು; ಆಡಿದವನಿಗೆ ನಿಯಮದ ಪ್ರಕಾರ ಸಿಕ್ಕಿದ್ದು ವಿದ್ಯಾರ್ಥಿವೇತನ ಮಾತ್ರ. ತಮ್ಮ ಹೆಸರಿನಿಂದ ಹಣ ಗಳಿಸುವ ಸ್ವಾತಂತ್ರ್ಯ ಆಟಗಾರರಿಗೆ ದೊರೆತದ್ದು 2021ರಲ್ಲಿ. ಕಾಲೇಜುಗಳೇ ನೇರವಾಗಿ ಹಣ ಕೊಡಬಹುದೆಂದು ಒಪ್ಪಂದವಾದದ್ದು 2025ರಲ್ಲಿ. ದಶಕಗಳ ಕಾಲ ಪುಕ್ಕಟೆ ಆಡಿಸಿದಾಗ ಇಲ್ಲದ ಧರ್ಮಚಿಂತೆ, ಹುಡುಗ ಕೂಲಿ ಕೇಳಿದ ದಿನ ಇದ್ದಕ್ಕಿದ್ದಂತೆ ಉಕ್ಕಿಬಂದರೆ ಅದಕ್ಕೆ ಧರ್ಮಚಿಂತೆಯೆಂದು ಹೆಸರಿಡಲು ನಾನು ಒಪ್ಪಲಾರೆ. ತರಬೇತುದಾರರು ಹೆಚ್ಚಿನ ಸಂಬಳಕ್ಕೆ ಊರು ಬಿಟ್ಟು ಹೋಗುವುದು ಅಲ್ಲಿ ಮೊದಲಿಂದಲೂ ನಡೆದುಬಂದ ರೂಢಿಯಲ್ಲವೆ?

ವೃತ್ತಿಪರ ಆಟದಲ್ಲೂ ಮ್ಯಾನಿಂಗ್‌ನನ್ನು ಈ ತಕ್ಕಡಿ ಬಿಡಲಿಲ್ಲ. "ದೊಡ್ಡ ಪಂದ್ಯ ಗೆಲ್ಲಲಾರ" ಎಂಬ ಮಾತು 2007ರಲ್ಲಿ ಅವನು ಸೂಪರ್ ಬೌಲ್ ಗೆಲ್ಲುವ ತನಕ ಬೆನ್ನಿಗಿತ್ತು. 2016ರಲ್ಲಿ ಎರಡನೆಯದನ್ನು ಗೆದ್ದಾಗ ಅವನಿಗೆ ಮೂವತ್ತೊಂಬತ್ತು ವಯಸ್ಸು. ತೋಳಿನ ಕಸುವು ಉಡುಗಿತ್ತು. ಅಂದು ಎಸೆದದ್ದು 141 ಗಜ, ಹೊಡೆಸಿದ ಟಚ್‌ಡೌನ್ ಒಂದೂ ಇಲ್ಲ. ಡೆನ್ವರಿನ ತಡೆಗಾರರು ಪಂದ್ಯ ಗೆದ್ದುಕೊಟ್ಟರು. ಪಟ್ಟಗಳನ್ನೇ ಎಣಿಸುವ ಲೆಕ್ಕದಲ್ಲಿ ಆ ದಿನ ಅವನು 1996ರ ಹುಡುಗನಿಗಿಂತ ದೊಡ್ಡ ಆಟಗಾರ. ಎರಡು ಪಂದ್ಯಗಳನ್ನೂ ಕಣ್ಣಾರೆ ಕಂಡ ಯಾವನಾದರೂ ಇದನ್ನು ನಗದೆ ಹೇಳಬಲ್ಲನೆ?

ಆಟ ಆಟವಷ್ಟೆ, ಇದಕ್ಕಾಗಿ ಇಷ್ಟು ಕೂಗಾಟವೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದು: ಹೊರಡುವ ಹುಡುಗನ ಮುಂದೆ ಇನ್ನೂ ಐವತ್ತು ವರ್ಷದ ಬಾಳು ಇರುತ್ತದೆ. ಊರು ಹಚ್ಚಿದ ಹಣೆಪಟ್ಟಿ ಅವನೊಡನೆ ನಡೆಯುತ್ತದೆ. ಹಣೆಪಟ್ಟಿ ಹಚ್ಚುವ ಮುನ್ನ ಅವನ ಊರಿನವರು ಕೆಲವು ಪ್ರಶ್ನೆಗಳನ್ನಾದರೂ ಕೇಳಿಕೊಳ್ಳಬೇಕು. ಚೆಂಡು ಅವನ ಕೈಯಲ್ಲಿದ್ದಾಗ ಅವನು ಏನು ಮಾಡಿದ? ಸೋಲುತ್ತಿದ್ದಾಗ ಹೇಗೆ ಆಡಿದ? ಅವನೊಡನೆ ಆಡಿದವರು ಅವನಿಂದ ಮೇಲಾದರೆ, ಕೀಳಾದರೆ? ಇವಕ್ಕೆ ಉತ್ತರ ಹುಡುಕಲು ಪಂದ್ಯವನ್ನು ನೋಡಿರಬೇಕು, ನೆನಪಿಟ್ಟಿರಬೇಕು. ಬರಿಯ ಅಂಕಪಟ್ಟಿ ನೋಡುವವನಿಗೆ ಆ ಶ್ರಮ ಬೇಕಿಲ್ಲ. ಅದಕ್ಕೇ ಅವನ ತೀರ್ಪು ಅಷ್ಟು ಬೇಗ ಹೊರಬೀಳುತ್ತದೆ. ಅಂಥ ತೀರ್ಪಿಗೆ ತಲೆಬಾಗುವ ಅಗತ್ಯ ಯಾವ ಹುಡುಗನಿಗೂ ಇಲ್ಲ.