ಸೆರಗು ತಿರುವಿ ನೋಡಿ, ಆಮೇಲೆ ಕೊಳ್ಳಿ

ಕಾಲೇಜಿನ ಎಥ್ನಿಕ್ ಡೇಗೆ, ಸಂಕ್ರಾಂತಿಗೆ, ರಾಜ್ಯೋತ್ಸವಕ್ಕೆ ಇಳಕಲ್ ಸೀರೆ ಉಡಲು ಹೊರಟ ಹೆಣ್ಣುಮಕ್ಕಳೇ, ಅವರಿಗೆ ಸೀರೆ ಕೊಡಿಸುವ ತಾಯಂದಿರೇ, ಈ ಮನವಿ ನಿಮಗೆ. ಸೀರೆ ಮಾರುವ ಅಂಗಡಿಯವರೂ ಇದನ್ನು ಓದಬೇಕೆಂಬುದು ನನ್ನ ಆಸೆ.

ನೀವು ಇಳಕಲ್ ಉಡುತ್ತಿರುವುದು ನನಗೆ ಮನಸಾರೆ ಸಂತೋಷ. ಅಜ್ಜಿಯಂದಿರ ಹದಿನೆಂಟು ಮೊಳದ ಕಚ್ಚೆ ಸೀರೆ ಪೆಟ್ಟಿಗೆ ಸೇರಿ, ಇಳಕಲ್ ಎಂದರೆ ಹಳ್ಳಿಯವರ ಉಡುಗೆ ಎಂದು ಪೇಟೆ ಅದನ್ನು ದೂರವಿಟ್ಟ ಕಾಲವೊಂದಿತ್ತು. ಈಗ ಆರು ಗಜದ ಇಳಕಲ್ ಬೆಂಗಳೂರಿನ ಕಚೇರಿಗಳಲ್ಲೂ ಕಾಣುತ್ತದೆ. ಉಡಿ ತುಂಬಲು, ಕುಪ್ಪಸ ಹೊಲಿಸಲು ಕೊಳ್ಳುತ್ತಿದ್ದ ಗುಳೇದಗುಡ್ಡದ ಖಣ ಇಂದು ಕುರ್ತಾ, ಜಾಕೆಟ್, ಕೈಚೀಲವಾಗಿದೆ. ಬೇಡಿಕೆ ಮರಳಿ ಬಂದಿದೆ, ನಿಜ. ಆದರೆ ಇಳಕಲ್ ಎಂಬ ಹೆಸರಿನಲ್ಲಿ ಅಂಗಡಿಗಳಲ್ಲೂ ಮೊಬೈಲಿನಲ್ಲೂ ಮಾರಾಟವಾಗುವ ಎಷ್ಟೋ ಸೀರೆಗಳು ಕುಣಿಮಗ್ಗವೆಂಬ ಕೈಮಗ್ಗವನ್ನು ಕಂಡೇ ಇಲ್ಲ.

ಆದ್ದರಿಂದ ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ, ಅದು ಒಡಲನ್ನು ಕೂಡುವ ಜಾಗವನ್ನು ಹಿಂದೆ ಮುಂದೆ ತಿರುವಿ ನೋಡಿ. ಇಳಕಲ್ಲಿನ ಜೀವ ಇರುವುದು ಅಲ್ಲಿ. ಬೇರೆ ಬಹಳಷ್ಟು ಸೀರೆಗಳಲ್ಲಿ ಒಡಲಿಗೂ ಸೆರಗಿಗೂ ಒಂದೇ ಹಾಸು, ಅಂದರೆ ಉದ್ದದ ಎಳೆಗಳು. ಮಗ್ಗಕ್ಕೆ ಒಮ್ಮೆ ಹಾಸು ಏರಿಸಿದರೆ ಹಲವು ಸೀರೆ ನೇಯಬಹುದು. ಇಳಕಲ್ಲಿನಲ್ಲಿ ಹಾಗಲ್ಲ. ಒಡಲಿನ ಹತ್ತಿಯ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಬೇರೆಬೇರೆ ಬಣ್ಣ ಕಟ್ಟಿ, ಬೇರೆಬೇರೆ ಅಣಿಗೊಳಿಸಿ, ಆ ಎಳೆಗೆ ಈ ಎಳೆಯನ್ನು ಕುಣಿಕೆ ಹಾಕಿ ಕೂಡಿಸುತ್ತಾರೆ. ಇದೇ ಕೊಂಡಿ. ಎಳೆಗಳು ಸಾವಿರಗಟ್ಟಲೆ ಇರುತ್ತವೆ, ಕೆಲಸವೆಲ್ಲ ಬೆರಳಿನದು. ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ. ಆ ಮೇಲೆ ಕೆಂಪು ಬಿಳುಪಿನ ಟೋಪ ತೆನಿ ಸೆರಗು ನೇಯಬೇಕು, ಅಂಚಿಗೆ ಗೋಮಿಯೋ ಚಿಕ್ಕಿ ಪರಾಸವೋ ದಡಿ ಬರಬೇಕು. ವಿದ್ಯುತ್ ಮಗ್ಗದ ನಕಲು ಈ ಕೊಂಡಿಯ ಗೋಜಿಗೆ ಹೋಗುವುದಿಲ್ಲ; ಉದ್ದಕ್ಕೂ ಒಂದೇ ಹಾಸು ಇಟ್ಟು ಸೆರಗಿನ ವಿನ್ಯಾಸವನ್ನಷ್ಟೇ ತಂದುಬಿಡುತ್ತದೆ. ದೂರದಿಂದ ಎರಡೂ ಒಂದೇ ತರಹ. ಬೆಲೆಯಲ್ಲಿ ಮಾತ್ರ ಅಜಗಜಾಂತರ, ಮತ್ತು ಆ ಬೆಲೆಯೇ ನೇಕಾರರನ್ನು ಸೋಲಿಸುತ್ತಿದೆ.

ನೂಲಿನ ಕಂಡಿಕೆ ಸುತ್ತುವುದು, ಹಾಸು ಹೂಡುವುದು, ಕೊಂಡಿಗೆ ಕೈಜೋಡಿಸುವುದು ಬಹುಮಟ್ಟಿಗೆ ಮನೆಯ ಹೆಂಗಸರ ಕೆಲಸ. ಅದನ್ನು ದುಡಿಮೆಯೆಂದು ಲೆಕ್ಕ ಹಿಡಿಯುವವರು ಕಡಿಮೆ. 2019-20ರ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ ಸಿಕ್ಕ ಕೈಮಗ್ಗ ದುಡಿಮೆಗಾರರು ಸುಮಾರು 35 ಲಕ್ಷ, ಅವರಲ್ಲಿ ಹೆಚ್ಚಿನವರು ಹೆಂಗಸರೇ. ಅದಕ್ಕೂ ಹತ್ತು ವರ್ಷ ಹಿಂದಿನ ಗಣತಿಯಲ್ಲಿ ಇದೇ ಸಂಖ್ಯೆ 43 ಲಕ್ಷ ದಾಟಿತ್ತು. ಒಂದು ದಶಕದಲ್ಲಿ ಇಷ್ಟು ಕೈಗಳು ಮಗ್ಗ ಬಿಟ್ಟವು ಎಂಬುದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೊಂಡಿ ಹಾಕುವುದನ್ನು ಕಲಿಯದ ಮಗನೋ ಮಗಳೋ ಊರು ಬಿಟ್ಟರೆ ಅದನ್ನು ಪುಸ್ತಕ ನೋಡಿ ಮರಳಿ ಕಲಿಯಲಾಗದು.

ವಿದ್ಯುತ್ ಮಗ್ಗ ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ಇಳಕಲ್ ಇರುವ ಅದೇ ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯಲ್ಲಿ ಅದರಿಂದಲೇ ಬದುಕುವ ಮನೆಗಳಿವೆ, ಅವರೂ ಬಡವರೇ, ಅವರೂ ನಮ್ಮವರೇ. ನನ್ನ ತಕರಾರು ಹೆಸರಿನದು ಮಾತ್ರ. ವಿದ್ಯುತ್ ಮಗ್ಗದ ಬಟ್ಟೆಯನ್ನು ವಿದ್ಯುತ್ ಮಗ್ಗದ ಬಟ್ಟೆಯೆಂದೇ ಮಾರಲಿ. ಕಾನೂನೂ ಇದನ್ನು ಒಂದಿಷ್ಟು ಯೋಚಿಸಿದೆ: 1985ರ ಕಾಯ್ದೆಯಡಿ ಸದ್ಯ 11 ಬಗೆಯ ಬಟ್ಟೆ ಕೈಮಗ್ಗಕ್ಕೆ ಮೀಸಲು, ಅದರಲ್ಲಿ ಕೆಲವು ಲಕ್ಷಣಗಳ ಸೀರೆಗಳೂ ಸೇರಿವೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಆದರೆ ಕೊಳ್ಳುವವರು ಕೇಳದಿದ್ದರೆ ಈ ಕಾಗದಗಳು ಕಪಾಟಿನಲ್ಲೇ ಉಳಿಯುತ್ತವೆ.

ಅಂಗಡಿಯಲ್ಲಿ ಸಂಕೋಚವಿಲ್ಲದೆ ಕೇಳಿ: ಇದು ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ, ಸೆರಗಿಗೆ ಕೊಂಡಿ ಹಾಕಿದೆಯೋ ಇಲ್ಲವೋ, ರೇಷ್ಮೆಯೋ ಕೃತಕ ರೇಷ್ಮೆಯೋ. ಕೃತಕ ರೇಷ್ಮೆಯ ಸೆರಗಿಗೂ ಕೈಯಿಂದಲೇ ಕೊಂಡಿ ಹಾಕುತ್ತಾರೆ, ಹಣ ಕಡಿಮೆ ಇದ್ದರೆ ಧಾರಾಳವಾಗಿ ಅದನ್ನೇ ಕೊಳ್ಳಿ. ಆದರೆ ಕೈಮಗ್ಗದ ಸೀರೆಗೆ ಚೌಕಾಸಿ ಮಾಡಬೇಡಿ. ನೀವು ಇಳಿಸಿದ ನೂರಿನ್ನೂರು ರೂಪಾಯಿ ಕೊನೆಗೆ ಕಡಿತವಾಗುವುದು ನೇಯ್ದವರ ಕೂಲಿಯಲ್ಲೇ. ಸಾಧ್ಯವಾದರೆ ನೇಕಾರರ ಸಹಕಾರ ಸಂಘದಿಂದ ಕೊಳ್ಳಿ, ಇಲ್ಲವೇ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗೆ ಹೋಗಿ.

ಅಂಗಡಿಯವರೇ, ಎರಡೂ ಬಗೆಯ ಸೀರೆಗಳನ್ನು ಬೇರೆಬೇರೆ ಕಪಾಟಿನಲ್ಲಿಟ್ಟು ಫಲಕ ಹಾಕಿ. ಕಾಲೇಜಿನವರು ಎಥ್ನಿಕ್ ಡೇಗೆ ಎರಡು ವಾರ ಮೊದಲೇ ಆವರಣದಲ್ಲಿ ನೇಕಾರರ ಸಂಘವೊಂದಕ್ಕೆ ಮಳಿಗೆ ಹಾಕಲು ಜಾಗ ಕೊಡಿ, ಬಾಡಿಗೆ ಕೇಳಬೇಡಿ. ಇನ್ನು ಹಬ್ಬಕ್ಕೆ ಮೂರು ಸೀರೆ ಕೊಳ್ಳುವ ಮನೆಯವರು ಈ ಸಲ ಎರಡೇ ಕೊಳ್ಳಿ, ಒಂದು ಕೊಂಡಿ ಹಾಕಿದ ಇಳಕಲ್ ಇರಲಿ, ಬಿಲ್ಲಿನಲ್ಲಿ ‘ಕೈಮಗ್ಗ’ ಎಂದು ಬರೆಸಿಕೊಂಡೇ ಹೊರಡಿ.